ಕಡೆಯವರಿಲ್ಲದ ಪೇಶೆಂಟು

ಜುಲೈ ಹದಿನೇಳು, ಗುರುವಾರ. ಬೆಳಗಿನಿಂದ ಮೋಡ, ಮಳೆ ಬರಲಿಲ್ಲ. ಅರಸೀಕೆರೆಯ ನಮ್ಮ ನರ್ಸಿಂಗ್ ಶಾಲೆಗೆ ಅವತ್ತು ದಪ್ಪನೆಯ ಕಪ್ಪು ಕನ್ನಡಕಗಳು ಬಂದವು. ಹಾಕಿಕೊಂಡರೆ ಕಣ್ಣೆದುರು ಒಂದು ಇಡೀ ವಾರ್ಡು, ಮಂಚದ ಮೇಲೆ ಒಬ್ಬ ರೋಗಿ. ಪ್ರಾಕ್ಟಿಕಲ್ ಮೇಷ್ಟ್ರಾದ ನನಗೆ ಅಂದಿನಿಂದ ನಗು ತಡೆದುಕೊಳ್ಳುವುದೂ ಒಂದು ಕೆಲಸ.

೧

ಮೊದಲು ಹಾಕಿಕೊಂಡವಳು ಹಳೇಬೀಡಿನ ಹುಡುಗಿ. ಗಾಳಿಯಲ್ಲೇ ನಲ್ಲಿ ತಿರುಗಿಸಿ, ಬೆರಳ ಸಂದಿಯನ್ನೆಲ್ಲ ಉಜ್ಜಿ ಕೈ ತೊಳೆದಳು. ಕನ್ನಡಕ ತೆಗೆದವಳೇ ದುಪಟ್ಟಾಕ್ಕೆ ಕೈ ಒರೆಸಿಕೊಂಡಳು.

"ಕೈ ಎಲ್ಲೇ ಒದ್ದೆಯಾಗಿದೆ?" ಎಂದಳು ಗೆಳತಿ.

"ನೀನು ಸುಮ್ನಿರೇ, ನೀರು ತಣ್ಣಗಿತ್ತು."

೨

ಮೂವತ್ತು ವರ್ಷ ಸರ್ವೀಸಾದ ನಮ್ಮ ಹಿರಿಯ ಸಿಸ್ಟರು ಒಮ್ಮೆ ಹಾಕಿಕೊಂಡು ನೋಡಿದರು. ಎಡಕ್ಕೆ, ಬಲಕ್ಕೆ ತಿರುಗಿದರು. ಬಗ್ಗಿಯೂ ನೋಡಿದರು.

"ಇದು ಯಾವೂರ ಆಸ್ಪತ್ರೆ ಸಾರ್? ಮಂಚದ ಕೆಳಗೆ ಒಬ್ರೂ ಮಲಗಿಲ್ಲ!"

೩

ಬಿಕ್ಕೋಡಿನ ಹುಡುಗಿ ಕೊನೆಯ ವರ್ಷದವಳು. ನಿಜವಾದ ವಾರ್ಡಿನಲ್ಲಿ ಅವಳದು ಪಳಗಿದ ಕೈ. ಅರೇಹಳ್ಳಿಯ ಒಂದು ಆಸ್ಪತ್ರೆಯವರು, ಪಾಸಾದರೆ ಬಾ ಎಂದು ಅವಳಿಗಾಗಿ ಕೆಲಸ ತೆಗೆದಿರಿಸಿದ್ದರು. ಆದರೆ ಈ ಸಲ ಪರೀಕ್ಷೆ ಕನ್ನಡಕದಲ್ಲಿ. ಅಭ್ಯಾಸದಲ್ಲಿ ಎರಡು ಸಲವೂ ಸಿರಿಂಜು ಹಿಡಿದು ನಿಂತೇ ಇದ್ದಳು, ಸಮಯ ಮುಗಿಯಿತು.

"ಏನಮ್ಮಾ?" ಎಂದೆ.

"ಇವರ ಕಡೆಯವರು ಯಾರೂ ಇಲ್ಲ ಸಾರ್."

"ಅದು ಬೊಂಬೆ. ಕಡೆಯವರು ಎಲ್ಲಿಂದ ಬರ್ತಾರೆ?"

"ಮತ್ತೆ ಯಾರನ್ನ ಆಚೆ ಕಳಿಸಲಿ?"

ರೋಗಿಯ ನೆಂಟರಲ್ಲಿ ಒಬ್ಬನನ್ನು ಬಿಸಿನೀರಿಗೆ ಓಡಿಸಿ, ಇನ್ನೊಬ್ಬನನ್ನು ಗದರಿಸಿ ಬಾಗಿಲಾಚೆ ನಿಲ್ಲಿಸಿದ ಮೇಲೇ ಅವಳ ಕೈ ಕೆಲಸಕ್ಕೆ ಏಳುವುದು. ಆ ವಾರ್ಡು ಕಟ್ಟಿದವರು ಗೋಡೆ ಗಡಿಯಾರವನ್ನೂ ಮರೆತಿರಲಿಲ್ಲ. ಒಬ್ಬ ಭಾವಮೈದುನನನ್ನು ಮಾತ್ರ ಇಟ್ಟಿರಲಿಲ್ಲ.

೪

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರಿಗೆ ಬಿಕ್ಕೋಡಿನ ಹುಡುಗಿಯ ವಿಷಯ ತಿಳಿಸಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಬಹುದೇ ಎಂದು ಕೇಳಿದೆ. ನಿಯಮದ ಪುಸ್ತಕ ತಿರುವಿ, "ಬೇಡ ಅಂತ ಎಲ್ಲೂ ಬರೆದಿಲ್ಲ" ಎಂದರು.

ಕಸ ಗುಡಿಸುವ ಗೆಂಡೆಹಳ್ಳಿಯ ಆಯಮ್ಮನನ್ನು ಕರೆದೆ. "ಪೇಶೆಂಟ್ ಕಡೆಯವರಾಗಿ" ಎಂದಷ್ಟೇ ಹೇಳಿದೆ. ಹುಡುಗಿ ಕನ್ನಡಕ ಹಾಕಿದ್ದೇ ತಡ, ಆಯಮ್ಮ ಶುರು ಮಾಡಿದರು.

"ಏನವ್ವಾ, ಬೆಳಿಗ್ಗಿಂದ ನಮ್ಮಣ್ಣನ್ಗೆ ಜ್ವರ ಸುಡ್ತಾ ಐತೆ, ಒಬ್ರೂ ತಿರುಗಿ ನೋಡಿಲ್ಲ!"

"ಈಚೆ ಬನ್ನಿ ಅಜ್ಜಿ. ಮಂಚದ ಮೇಲೆ ಕೂರಬೇಡಿ."

"ನಾ ಎಲ್ ಕೂತಿದೀನಿ?"

"ನೀವಲ್ಲದಿದ್ರೆ ನಿಮ್ ಹಿಂದಿರೋರು. ಎಲ್ಲಾ ಆಚೆ ನಡೀರಿ!"

ಆಯಮ್ಮನ ಹಿಂದಿದ್ದವರು ಪರೀಕ್ಷಕರು. ಎದ್ದು ಬಾಗಿಲಾಚೆ ಹೋಗಿ, ಕನ್ನಡಕದೊಳಗಿನದನ್ನು ತೋರಿಸುವ ಟೀವಿ ಪರದೆಯನ್ನು ಅಲ್ಲಿಂದಲೇ ಬಗ್ಗಿ ನೋಡಿ ಅಂಕ ಹಾಕಿದರು. ಹುಡುಗಿ ರೋಗಿಯ ಹೆಸರು ಕೇಳಿದಳು, ಚೀಟಿ ನೋಡಿದಳು, ಸಿರಿಂಜಿನ ಗಾಳಿ ತೆಗೆದು ಸೂಜಿ ಹಾಕಿದಳು. ಒಂದೂ ತಪ್ಪಲಿಲ್ಲ.

"ಪಾಸು" ಎಂದರು ಪರೀಕ್ಷಕರು, ಹೊಸ್ತಿಲಾಚೆಯಿಂದಲೇ.

ಸಂಜೆ ಪ್ರಿನ್ಸಿಪಾಲರು ಕೇಳಿದರು: "ಆಯಮ್ಮನಿಗೆ ಏನಾದ್ರೂ ಕೊಟ್ರಾ?"

"ಇಲ್ಲ ಸಾರ್. ಅವರೇ ಕೊಟ್ಟು ಹೋದ್ರು."

"ಯಾರಿಗೆ?"

"ಹುಡುಗಿಗೆ. ಬೇಡ ಅಂದ್ರೂ ಕೇಳಲಿಲ್ಲ. ನಮ್ಮಣ್ಣನ್ನ ನೋವಾಗದಂಗೆ ನೋಡ್ಕೊಂಡೆ, ಕಾಫಿ ಕುಡಿಯವ್ವಾ ಅಂತ ಇಪ್ಪತ್ತು ರೂಪಾಯಿ."