ಮಾವನ ಜೀಪಿಗೆ ಹೊಸ ಬಂಪರು

ಪಕ್ಕದ ಮನೆಯ ಗುರಮ್ಮನ ಕೋಳಿಯ ಜೀವ ಉಳಿಸಲು ಹೋಗಿ ಗುರುಶಾಂತ ತನ್ನ ಮಾವನ ಜೀಪನ್ನು ದನ ನೀರು ಕುಡಿಯುವ ಕಲ್ಲಿನ ದೋಣಿಗೆ ಗುದ್ದಿದ. ಕೋಳಿ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ತಿಪ್ಪೆಯ ಕಡೆ ನಡೆಯಿತು. ದೋಣಿಗೂ ಏನೂ ಆಗಲಿಲ್ಲ. ಜೀಪಿನ ಮುಂದಿನ ಬಂಪರು ಮಾತ್ರ ನಡುವೆ ಮುರಿದು ಎರಡು ತುಂಡಾಗಿ ಕೆಸರಿಗೆ ಬಿತ್ತು.

ಜೀಪು ಅವನ ಹೆಂಡತಿಯ ತಂದೆ, ಅಂದೋಲಾದ ಶಾಂತಲಿಂಗಪ್ಪನವರದು. ಮಳೆ ಹಿಡಿದ ಮೇಲೆ ಗುರುಶಾಂತನ ಊರಾದ ಗೊಬ್ಬೂರಿನ ಎರೆಹೊಲದ ದಾರಿಯಲ್ಲಿ ಟ್ರ್ಯಾಕ್ಟರು ಕೂಡ ಹೂತು ನಿಲ್ಲುತ್ತದೆ. ನಾಲ್ಕೂ ಗಾಲಿ ಎಳೆಯುವ ಆ ಹಳೆಯ ಜೀಪು ಮಾತ್ರ ಎಮ್ಮೆಯ ಹಾಗೆ ಕೆಸರಲ್ಲಿ ಸುಖವಾಗಿ ಓಡಾಡುತ್ತಿತ್ತು. "ಮಳಿಗಾಲ ಮುಗಿಯೋತನಾ ಅಳೇಂದ್ರ ಇಟ್ಕೊಳ್ಳಲಿ. ಜ್ವಾಪಾನ ಮಾಡಿದ್ರ ಮುಂದ ನೋಡೂಣು" ಎಂದು ಅವರು ಮಗಳಿಗೆ ಹೇಳಿದ್ದರು. ಆ 'ಮುಂದ ನೋಡೂಣು' ಎಂಬ ಮಾತನ್ನು ನಂಬಿ ಗುರುಶಾಂತ ಜೀಪು ಇನ್ನು ತನ್ನದೇ ಎಂದು ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದ. ಈಗ ಬಂಪರಿನ ಎರಡು ತುಂಡುಗಳನ್ನು ಎರಡು ಕೈಯಲ್ಲಿ ಹಿಡಿದು ಒಂದಕ್ಕೊಂದು ಕೂಡಿಸಿ ನೋಡಿದ. ಸ್ವಂತ ತಮ್ಮನ ಮದುವೆಯಲ್ಲಿ ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಇಡೀ ದಿಬ್ಬಣವನ್ನೇ ಎಬ್ಬಿಸಿಕೊಂಡು ಹೊರಟಿದ್ದ ಮನುಷ್ಯ ಆ ಮಾವ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಅಳೇಂದ್ರ, ಸಂಜಿಕಿ ಬರಾಕತ್ತೇನಿ. ಗಾಡೀದು ಒಂದು ಮಾತ ಆಡೋದದ."

ಅಷ್ಟೇ ಹೇಳಿ ಶಾಂತಲಿಂಗಪ್ಪನವರು ಫೋನಿಟ್ಟರು. ಗುರುಶಾಂತ ಕಟ್ಟೆಯ ಮೇಲೆ ಕುಸಿದು ಕುಳಿತ.

"ನಮ್ಮಪ್ಪಗ ಇಷ್ಟ ಲಗೂ ಯಾರು ಹೇಳಿದ್ರು?" ಎಂದಳು ಹೆಂಡತಿ ಭಾಗ್ಯಜ್ಯೋತಿ.

"ಆ ಕೋಳೀನೇ ಹೇಳಿರಬೇಕು."

"ಏನರ ಮಾಡ್ಕೊಳ್ರಿ. ಅಪ್ಪ ಕೇಳಿದ್ರ ನಾ ಬಚ್ಚಲದಾಗ ಇದ್ದೆ ಅಂತೀನಿ" ಎಂದು ಆಕೆ ಒಳಗೆ ಹೋದಳು.

ಅಂಥ ಹಳೆಯ ಜೀಪಿನ ಬಂಪರು ಅಫಜಲಪುರದಲ್ಲಿ ಸಿಗುವುದಿಲ್ಲ, ಸೊಲ್ಲಾಪುರದಿಂದಲೇ ತರಿಸಬೇಕು. ಈ ಸುದ್ದಿಯನ್ನು ಸಂತೋಷದಿಂದ ತಿಳಿಸಿದವನು ಎದುರು ಮನೆಯ ದೇವಿಂದ್ರಪ್ಪ. ಮೂವತ್ತು ವರ್ಷ ಸರಕಾರಿ ಬಸ್ಸು ಓಡಿಸಿ ನಿವೃತ್ತನಾದ ಮೇಲೆ ಊರಿನ ಯಾವ ಗಾಡಿ ಕೆಟ್ಟರೂ ಅವನು ಕರೆಯದೆಯೇ ಬರುತ್ತಿದ್ದ.

"ತಗಡಿಂದು ಯಾಕ್ರಿ? ಕಬ್ಬಣದ್ದು ಮಾಡಿಸ್ರಿ. ಮಾವ ಕೇಳಿದ್ರ, ಮುರದದ್ದಲ್ಲ, ನಾನೇ ತೆಗೆಸಿ ಗಟ್ಟೀದು ಹಾಕ್ಸೇನಿ ಅನ್ರಿ. ಬೈಯೋದು ಬಿಟ್ಟು ಶಾಬಾಸ್ ಅಂತಾರ."

ಮುಳುಗುವವನಿಗೆ ಇದು ಬಂಗಾರದ ಸಲಹೆಯಾಗಿ ಕಂಡಿತು. ಅಫಜಲಪುರದ ನಯೀಮನಿಗೆ ಫೋನು ಹೋಯಿತು. ಅವನು ವೆಲ್ಡಿಂಗ್ ಮಷೀನನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದ. ಅವನ ಕಸುಬು ಗೇಟು ಮತ್ತು ಕಿಟಕಿ ಜಾಳಿ.

"ಬಂಪರ್ ಮಾಡಿ ಗೊತ್ತದೇನೋ ನಯೀಮ?" ಎಂದು ಗುರುಶಾಂತ ಅಂಜುತ್ತ ಕೇಳಿದ.

"ಬಂಪರ್ ಅಂದ್ರ ಏನ್ರಿ ಭಾಯಿ, ಮಲಗಿದ ಗೇಟು. ಫಿಕರ್ ಮಾಡಬ್ಯಾಡ್ರಿ."

ಕಬ್ಬಿಣ ಕೊಟ್ಟವಳು ಗುರಮ್ಮ. ನೀರು ಬೀಳದ ಬೋರಿಗೆಂದು ತಂದಿದ್ದ ದಪ್ಪ ಕೇಸಿಂಗ್ ಪೈಪು ಅವಳ ದನದ ಕೊಟ್ಟಿಗೆಯಲ್ಲಿ ಬಿದ್ದಿತ್ತು.

"ನನ್ನ ಕೋಳಿ ಉಳಿಸೀದಿ, ತಗೋಪಾ. ಆದ್ರ ಭಾಳ ಕೊಯ್ಯಬ್ಯಾಡ್ರಿ. ನಾಳಿಗಿ ಬೋರಿಗಿ ನೀರು ಬಂದ್ರ ಮತ್ತ ಬೇಕಾಗ್ತದ" ಎಂದು ಆಕೆ ಪೈಪಿನ ಪಕ್ಕದಲ್ಲೇ ಕುಳಿತಳು.

ಇನ್ನೇನು ಕೆಲಸ ಶುರು ಎನ್ನುವಾಗ ದೇವಿಂದ್ರಪ್ಪ ಕೈ ಅಡ್ಡ ಹಿಡಿದ. "ಡೀಸಲ್ ಗಾಡಿ ಮುಂದ ವೆಲ್ಡಿಂಗ್ ಹಚ್ಚತೀರೇನು? ಒಂದು ಕಿಡಿ ಹಾರಿದ್ರ ಜೀಪೂ ಇಲ್ಲ, ಮನೀನೂ ಇಲ್ಲ."

ಗುರುಶಾಂತನಿಗೆ ಬೂದಿಯಾದ ಜೀಪು, ಬೂದಿಯ ಮುಂದೆ ನಿಂತ ಮಾವ ಎರಡೂ ಒಟ್ಟಿಗೇ ಕಂಡವು. ವೆಲ್ಡಿಂಗು ಗುರಮ್ಮನ ಕೊಟ್ಟಿಗೆಯಲ್ಲೇ ಆಗಲಿ ಎಂದು ತೀರ್ಮಾನವಾಯಿತು. ಆ ಓಣಿಯಲ್ಲಿ ಬಾಗಿಲ ಚೌಕಟ್ಟಾದರೂ ಸರಿ, ತೊಟ್ಟಿಲಾದರೂ ಸರಿ, ಅಳತೆಯೆಂದರೆ ಜೋಳದ ದಂಟು. ಗುರುಶಾಂತ ಬಣವೆಯಿಂದ ಉದ್ದನೆಯ ದಂಟೊಂದನ್ನು ಎಳೆದು ಜೀಪಿನ ಮೂತಿಗೆ ಹಿಡಿದು, ಸರಿಯಾಗಿ ಮುರಿದು, ತಂದು ಕೊಟ್ಟಿಗೆಯ ಗೋಡೆಗೆ ಒರಗಿಸಿದ. ಆಮೇಲೆ ನಯೀಮನಿಗೆ ಚಹಾ ತರಲು ಮನೆಗೆ ಹೋದ.

ಗುರಮ್ಮನ ಆಡಿಗೆ ಕೇಸಿಂಗ್ ಪೈಪು ಬೇಕಿರಲಿಲ್ಲ, ದಂಟು ಬೇಕಾಗಿತ್ತು. ಅದು ಒಂದು ತುದಿಯಿಂದ ಸಾವಕಾಶ ತಿನ್ನುತ್ತ ಬಂದು, ಯಾರೋ ಗದರಿಸಿದ್ದಕ್ಕೆ ಬಿಟ್ಟು ಹೋಯಿತು. ಮಷೀನು ಇಳಿಸಿಕೊಂಡು ಬಂದ ನಯೀಮ, ಆಡು ತಿಂದದ್ದು ತಿಳಿಯದೆ, ಉಳಿದ ದಂಟನ್ನು ಪೈಪಿನ ಮೇಲಿಟ್ಟು ಅಚ್ಚುಕಟ್ಟಾಗಿ ಕೊಯ್ದ.

ಪೈಪನ್ನು ಹೊತ್ತು ತಂದು ಜೀಪಿಗೆ ಹಿಡಿದರೆ ಒಂದು ಮೊಳ ಕಡಿಮೆ. ಜೀಪಿನ ಮೂತಿಗೆ ಅದು ಚಿಕ್ಕ ಮಗುವಿನ ಚಡ್ಡಿಯಂತೆ ಕಾಣುತ್ತಿತ್ತು.

ಆಗಲೇ ಫೋನು. "ಕಲಬುರಗಿ ಬಸ್‌ಸ್ಟ್ಯಾಂಡಿಗಿ ಬಂದೇನಿ. ಗಾಡಿ ಮನ್ಯಾಗ ಅದ ಹೌದಿಲ್ಲ?"

"ಅದ್ರಿ ಮಾವಾರ" ಎಂದ ಗುರುಶಾಂತ, ಜೀಪಿಗೆ ಬೆನ್ನು ತಿರುಗಿಸಿ.

"ಛಲೋ ಆತು. ನೀವೂ ಮನ್ಯಾಗೇ ಇರ್ರಿ."

ಆ ಕೊನೆಯ ಮಾತು ಕೇಳಿ ಗುರುಶಾಂತನಿಗೆ ಹೊಲದ ಕಡೆ ಓಡಿಹೋಗಬೇಕೆನಿಸಿತು. ಆದರೆ ಕೆಸರಿನಲ್ಲಿ ಓಡಲು ಇದ್ದ ಒಂದೇ ಗಾಡಿಗೆ ಬಂಪರಿರಲಿಲ್ಲ.

"ಘಬರಾಗಬ್ಯಾಡ್ರಿ ಭಾಯಿ, ಎರಡೂ ಕಡಿ ಜೋಡಸ್ತೀನಿ" ಎಂದ ನಯೀಮ. ಅವನ ಆಟೋದಲ್ಲಿ ಯಾರದೋ ಗೇಟಿಗೆಂದು ಮಾಡಿದ್ದ ಎರಡು ತುಂಡುಗಳಿದ್ದವು. ಎರಡರಲ್ಲೂ ಉದಯಿಸುವ ಸೂರ್ಯ, ಸೂರ್ಯನ ಮೇಲೆ ಸಾಲಾಗಿ ಈಟಿಗಳು. ಅವನ್ನು ಪೈಪಿನ ಎರಡೂ ತುದಿಗೆ ಹಚ್ಚಿದಾಗ ಕಡಿಮೆಯಾಗಿದ್ದ ಮೊಳದ ಮೇಲೆ ಇನ್ನೂ ಎರಡು ಮೊಳ ಹೆಚ್ಚಾಯಿತು. ದೇವಿಂದ್ರಪ್ಪ ಸುಮ್ಮನಿರಲಾರದೆ ತನ್ನ ಮನೆಯಿಂದ ಎರಡು ದಪ್ಪ ಕೊಂಡಿ ತಂದು, ಹೂತ ಗಾಡಿ ಎಳೆಯಲು ಬೇಕೇಬೇಕೆಂದು ಹಟ ಹಿಡಿದು ಹಚ್ಚಿಸಿದ. ಗುರಮ್ಮ ತನ್ನ ಪೈಪು ಒಂಟಿಯಾಗಿ ಕಾಣುತ್ತದೆಂದು ಇನ್ನೊಂದು ತುಂಡು ಕೊಟ್ಟು ಮೇಲೊಂದು ಅಡ್ಡಪಟ್ಟಿ ಹಾಕಿಸಿದಳು. ಗುರುಶಾಂತ ಯಾರಿಗೂ ಬೇಡವೆನ್ನಲಿಲ್ಲ. ಹೆದರಿದವನಿಗೆ ಎಲ್ಲರೂ ತನಗಿಂತ ಬುದ್ಧಿವಂತರಾಗಿ ಕಾಣುತ್ತಾರೆ.

ನಡುವೆ ಕರೆಂಟು ಹೋಯಿತು. ಬಂಪರಿನ ಅರ್ಧ ನೆಲದ ಮೇಲೆ, ಅರ್ಧ ಬಾಕಿ. ಗುರುಶಾಂತ ಕಂಬದ ಕಡೆ ನೋಡುತ್ತ, ಮನೆದೇವರನ್ನು ಹೆಸರು ಹಿಡಿದು ಕರೆಯುತ್ತ ನಿಂತ. ಕರೆಂಟು ಬಂದಾಗ ಬಿಸಿಲು ಇಳಿದಿತ್ತು. ಆರು ಜನ ಉಸಿರು ಹಿಡಿದು ಎತ್ತಿ ಬಂಪರನ್ನು ಜೀಪಿನ ಚಾಸಿಸ್ಸಿಗೆ ಬೋಲ್ಟು ಮಾಡಿದರು. ಕೈ ಬಿಟ್ಟ ಕೂಡಲೇ ಜೀಪು ಮೂತಿ ತಗ್ಗಿಸಿ ನೆಲ ಮೂಸುವಂತೆ ನಿಂತಿತು.

"ಮಠದ ಗೇಟು ಕಿತ್ತು ಹಚ್ಚಿದಂಗ ಕಾಣ್ತದಲ್ರಿ" ಎಂದಳು ಭಾಗ್ಯಜ್ಯೋತಿ ಕಿಟಕಿಯಿಂದಲೇ.

ಅದನ್ನು ಬಿಚ್ಚಿಸಲು ಸಮಯವಿರಲಿಲ್ಲ. ಓಣಿಯ ಬಾಯಲ್ಲಿ ಆಟೋ ನಿಂತು, ಬಿಳಿ ಧೋತರದ ಶಾಂತಲಿಂಗಪ್ಪನವರು ಇಳಿದರು. ನೆಟ್ಟಗೆ ಅಂಗಳಕ್ಕೆ ಬಂದು ಜೀಪಿನ ಮುಂದೆ ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಈಟಿಯ ತುದಿಯನ್ನು ಬೆರಳಿನಿಂದ ಮುಟ್ಟಿದರು.

"ಇದು ಯಾರ ಕೆಲಸ?"

ಗುರುಶಾಂತ ನಯೀಮನ ಕಡೆ ನೋಡಿದ. ನಯೀಮ ದೇವಿಂದ್ರಪ್ಪನ ಕಡೆ ಕೈ ಮಾಡಿದ. ದೇವಿಂದ್ರಪ್ಪ ಗುರಮ್ಮನನ್ನು ತೋರಿಸಿದ. ಗುರಮ್ಮ ಆಡಿನ ಹೆಸರು ಹೇಳಿದಳು.

"ನಂದ್ರಿ ಮಾವಾರ" ಎಂದ ಗುರುಶಾಂತ ಕೊನೆಗೆ. "ಗಾಡಿಗಿ ಗಟ್ಟೀದು ಇರಲಿ ಅಂತ..."

ಶಾಂತಲಿಂಗಪ್ಪನವರು ಕಾಲೆತ್ತಿ ಬಂಪರಿಗೆ ಜೋರಾಗಿ ಒದ್ದರು. ಗುರುಶಾಂತ ಕಣ್ಣು ಮುಚ್ಚಿದ. ಬಂಪರು ಅಲುಗಲಿಲ್ಲ. ಮಾವ ಅಳಿಯನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು.

"ಯಾರ ಮುಂದೂ ಆಡಬ್ಯಾಡ್ರಿ. ಹೋದ ತಿಂಗಳ ಜೇವರ್ಗಿ ದಾರ್ಯಾಗ ನಮ್ಮ ಇನ್ನೊಂದು ಗಾಡಿಗಿ ಎಮ್ಮಿ ಅಡ್ಡ ಬಂತು. ಗಾಡಿ ಮೂತಿ ಜಜ್ಜಿ ಹೋತು, ಜೀವ ಒಂದು ಉಳೀತು. ಅವತ್ತಿನಿಂದ ಸ್ಟೇರಿಂಗ್ ಹಿಡದ್ರ ಕೈ ನಡಗ್ತಾವ. ಮುಂದ ಆಸರಕ್ಕ ಏನೂ ಇಲ್ಲಲ್ಲ ಅಂತ ಅಂಜಿಕಿ. ಇನ್ನ ಗಾಡಿ ಓಡ್ಸೋದೇ ಬ್ಯಾಡ, ಈ ಜೀಪು ನಿಮಗೇ ಬಿಟ್ಟು ಹೋಗಬೇಕು, ಆ ಮಾತ ಆಡಬೇಕಂತೇ ಇವತ್ತ ಬಂದಿದ್ದೆ."

ಮುಂಜಾನೆಯಿಂದ ಬಿಗಿಹಿಡಿದಿದ್ದ ಉಸಿರು ಗುರುಶಾಂತನಿಂದ ಒಮ್ಮೆಲೇ ಹೊರಬಿತ್ತು. ಸಂತೋಷಕ್ಕೆ ಅವನ ಕಣ್ಣು ತುಂಬಿ ಬಂತು. ಮಾವನ ಕಾಲಿಗೆ ಬೀಳಲು ಬಗ್ಗಿದ.

ಮಾವ ಅವನನ್ನು ಹಿಡಿದೆತ್ತಿದರು. "ಆದ್ರ ಇದನ್ನ ನೋಡಿದ ಕೂಡ್ಲೇ ನನ್ನ ಅಂಜಿಕಿ ಹೋತು ನೋಡ್ರಿ. ಇದು ಮುಂದಿದ್ರ ಎಮ್ಮಿ ಯಾಕ, ಆನಿ ಬರಲಿ. ಕೀಲಿ ಕೊಡ್ರಿ."

ಗುರುಶಾಂತ ಕಿಸೆಯಿಂದ ಕೀಲಿ ತೆಗೆದು ಕೊಟ್ಟ. ಶಾಂತಲಿಂಗಪ್ಪನವರು ಹತ್ತಿ ಕುಳಿತು, ಹುಡುಗನ ಹುರುಪಿನಲ್ಲಿ ಗಾಡಿ ತಿರುಗಿಸಿ ಅಂಗಳದ ಗೇಟಿನ ಕಡೆ ಬಿಟ್ಟರು. ಗೇಟು ಜೀಪಿನ ಅಗಲಕ್ಕೆ ಸಾಕಾಗಿತ್ತು, ಎರಡು ಸೂರ್ಯರ ಅಗಲಕ್ಕೆ ಸಾಕಾಗಲಿಲ್ಲ. ದೊಡ್ಡ ಸದ್ದಾಯಿತು. ಎರಡೂ ಬದಿಯ ಕಂಬಗಳು ಉರುಳಿ, ಗೇಟು ಮುದುಡಿಕೊಂಡು ಚರಂಡಿಗೆ ಬಿತ್ತು.

ಮಾವ ಇಳಿದು ಬಂದರು. ಗೇಟಿನ ಕಡೆ ತಿರುಗಿಯೂ ನೋಡಲಿಲ್ಲ. ಬಗ್ಗಿ, ಧೋತರದ ಚುಂಗಿನಿಂದ ಬಂಪರಿನ ಮೇಲಿನ ಸುಣ್ಣ ಒರೆಸಿದರು.

"ಒಂದು ಗೀರೂ ಬಿದ್ದಿಲ್ಲಲ್ರಿ" ಎಂದು ಬೆರಗಾಗಿ ಮತ್ತೆ ಹತ್ತಿ ಕುಳಿತರು. "ಅಳೇಂದ್ರ, ಹಿಂದಿನ ಕಡಿ ಬರೇ ತಗಡದ. ಬರೋ ಅಮಾಸಿಗಿ ಬರ್ತೇನಿ, ಹಿಂದಿಂದೂ ಇಂಥದ್ದೇ ಒಂದು ಮಾಡಿ ಇಡ್ರಿ."

ಜೀಪು ಓಣಿ ದಾಟಿತು. ಗುರುಶಾಂತ ಬಯಲಾದ ಅಂಗಳದಲ್ಲಿ ನಿಂತೇ ಇದ್ದ. ಅಷ್ಟರಲ್ಲಿ ನಯೀಮ ಚರಂಡಿಗಿಳಿದು ಬಿದ್ದ ಗೇಟನ್ನು ತಟ್ಟಿ ನೋಡುತ್ತಿದ್ದ.

"ಮಾಲು ಛಲೋ ಅದ್ರಿ ಭಾಯಿ" ಎಂದು ಅಲ್ಲಿಂದಲೇ ಕೂಗಿ ಹೇಳಿದ. "ಹಿಂದಿನ ಬಂಪರ್ ಇದರಾಗೇ ಆಗ್ತದ."