ಬರಿಗೈ ಬಸ್ಯಾನ ಸಿನಿಮಾದಾಗ ಒಂದೂ ತಪ್ಪಿರಬಾರದು!

ಸಿನಿಮಾ ಇನ್ನೂ ತಯಾರಾಗೂಕಿಂತ ಮೊದಲ ಅದರ ಸಲುವಾಗಿ ಜಗಳಾಡೂ ಮಂದಿ ಎಲ್ಲ್ಯರ ಅದಾರೇನ್ರಿ? ಅದಾರ, ನಮ್ಮ ಬನಹಟ್ಟ್ಯಾಗ ಅದಾರ. ಅದರಾಗ ನಾನೂ ಒಬ್ಬಾಂವ. ಹಿಂಗಾಗಿ ವಾರಕ್ಕೊಂದು ಫಜೀತಿ ನಮಗ ತಪ್ಪಿದ್ದಲ್ಲ.

ನಂದು ನಾಕು ಪವರ್‌ಲೂಮ್ ಮಗ್ಗದ ಸಣ್ಣ ಶೆಡ್ಡು. ಸಾಲಿಗೆ ಹೋಗೂವಾಗಿಂದ ನಾನು ಬರಿಗೈ ಬಸ್ಯಾನ ಭಕ್ತ. ಬಸ್ಯಾ ಅಂದ್ರ ಚಿತ್ರಕಥಿ ಪುಸ್ತಕದ ಹೀರೋ. ಕೈಯಾಗ ಕತ್ತಿಲ್ಲ, ಕೋಲಿಲ್ಲ. ಹೆಗಲ ಮ್ಯಾಲೆ ಕೆಂಪು ವಸ್ತ್ರ, ಕಾಲಾಗ ಚಪ್ಪಲಿ ಸೈತ ಇಲ್ಲ. ಎದುರಿನಾಂವ ಮೊದಲ ಹೊಡೀಬೇಕು, ಬಸ್ಯಾ ಕೈ ಮುಗೀಬೇಕು, ಆಮ್ಯಾಲೆ ಎದುರಿನಾಂವ ಹಾರಿ ಬೀಳಬೇಕು. ಹೋದ ವರ್ಷ ಬಸ್ಯಾನ ಮ್ಯಾಲೆ ಸಿನಿಮಾ ಮಾಡ್ತಾರಂತ ಸುದ್ದಿ ಬಂತು. ಖುಷಿಗೆ ಕಣ್ಣಾಗ ನೀರು ಬಂದ್ವು, ಖರೇನ ಹೇಳ್ತೇನಿ. ಅದರ ಬೆನ್ನಿಗೇ ಅಂಜಿಕೀನೂ ಬಂತು. ಬಸ್ಯಾನ ಕೈಯಾಗ ಬಂದೂಕ ಕೊಟ್ರ? ಕೋಟು ಬೂಟು ಹಾಕಿ ಹಿಮದಾಗ ಕುಣಿಸಿದ್ರ? ಒಂದು ತಪ್ಪಾದ್ರೂ ನನ್ನ ಸಣ್ಣಂದಿನ ಬಸ್ಯಾ ಸತ್ತಂಗ.

ವಸ್ತಾದರ ತಪಾಸಣಿ

ಬಸ್ಯಾನ ಪಾತ್ರಕ್ಕ ಹೊಸಾ ಹುಡುಗನ್ನ ಆರಿಸಿದ್ರು. ನನ್ನ ಗೆಳೆಯ ಒಬ್ಬಾಂವ ಅದಾನ, ರಬಕವಿಯಾಂವ, ಪಕ್ಕದ ಶೆಡ್ಡಿನ್ಯಾಗ ಮಗ್ಗಾ ನಡಸ್ತಾನ. ಅಂವಗೂ ಬಸ್ಯಾನ ಹುಚ್ಚು. ಇಬ್ಬರೂ ಆ ಹುಡುಗನ ಫೋಟೊ ಹಿಡಕೊಂಡು ಮುಧೋಳಕ್ಕ ಹೋದ್ವಿ. ಅಲ್ಲಿ ಕುಸ್ತಿ ಕಲಿಸೂ ವಸ್ತಾದರು ಅದಾರ. ಅವರು ಹೌದಂದ್ರ ಹೌದು.

ವಸ್ತಾದರು ಕನ್ನಡಕ ಏರಿಸಿ ನೋಡಿದ್ರು. "ಕಿವಿ ನೆಟ್ಟಗದಾವಲ್ಲಪಾ! ಮಣ್ಣಾಗ ಹೊರಳಿದಾವನ ಕಿವಿ ಮುರದು ಗಂಟಾಗಿರತಾವ. ಕಿವಿ ಮುರೀಲಾರದ ಬಸ್ಯಾ ಎಲ್ಲಿ ಬಸ್ಯಾ?" ಅಂದ್ರು.

"ಹೊಟ್ಟಿ ನೋಡ್ರಿ ವಸ್ತಾದರ, ಹೆಂಗ ಕಟದೈತಿ!" ಅಂದ ಗೆಳೆಯ.

ವಸ್ತಾದರು ಹೊಟ್ಟಿ ನೋಡಿದ್ರು, ಹಳಹಳಿಸಿದ್ರು. "ಪಾಪ, ಗಂಟು ಕಿವ್ಯಾಗ ಬರೂ ಬದಲಿ ಹೊಟ್ಟ್ಯಾಗ ಬಂದಾವು. ಮನ್ಯಾಗ ಉಣ್ಣಾಕ ಹಾಕ್ತಾರೋ ಇಲ್ಲೋ?"

ಬ್ಯಾರೇಜಿನ ಮ್ಯಾಲೆ ಬಸ್ಯಾ

ಬಸ್ಯಾನ ದೊಡ್ಡ ಬಡದಾಟ ಚಿಕ್ಕಪಡಸಲಗಿ ಬ್ಯಾರೇಜಿನ ಮ್ಯಾಲೇ ಆಗಬೇಕಂತ ಗೆಳೆಯಾನ ಹಟ. "ಸರಕಾರದ ಹಾದಿ ಕಾಯದ ಹೊಳಿಗೆ ಅಡ್ಡ ರೈತರು ತಾವ ಕಟ್ಟಿದ್ದು. ಬಸ್ಯಾಗ ಇದಕ್ಕಿಂತ ಛಲೋ ಜಾಗಾ ಯಾವದೈತಿ?" ಅಂತಿದ್ದ. ಮಾತು ಖರೆ ಅನ್ನಿಸ್ತು. ಒಂದು ಫೋಟೊ ತಗಿಯೂಣಂತ ಜಮಖಂಡಿ ಮ್ಯಾಲಿಂದ ಹೋದ್ವಿ. ಬ್ಯಾಸಗಿ, ಮಟಮಟ ಮಧ್ಯಾಹ್ನ.

ಬಸ್ಯಾ ಚಪ್ಪಲಿ ಹಾಕಾಂಗಿಲ್ಲಂತ ಗೆಳೆಯಾನೂ ಚಪ್ಪಲಿ ಬಿಟ್ಟ. ಕೈ ಮುಗದ. ಅಷ್ಟ ನೋಡ್ರಿ, ರಸ್ತಾ ಕಾದು ಹಂಚಾಗಿತ್ತು. ಎಡಗಾಲು ಎತ್ತಿದ, ಬಲಗಾಲು ಎತ್ತಿದ, "ಅವ್ವಾ ಅವ್ವಾ" ಅನಕೋತ ಕುಣಿಯಾಕ ಹತ್ತಿದ. ಗಾಡಿ ಮ್ಯಾಲೆ ಹೊಂಟಿದ್ದ ರೈತ ಒಬ್ಬಾಂವ ಗಾಬರಿಯಾಗಿ ನಿಂತ.

"ಯಾಕ್ರೀ, ಚೇಳು ಕಡೀತೇನು?"

"ಇಲ್ರಿ, ಅಂವ ಬರಿಗೈ ಬಸ್ಯಾ ಆಗ್ಯಾನ," ಅಂದೆ ನಾನು.

ರೈತನ ಮಾರಿ ಅರಳ್ತು. "ಬಸ್ಯಾ ಏನ್ರಿ! ನಾನೂ ಓದೇನಿ, ಭಾರೀ ಮನಿಶ್ಯಾ. ಆದ್ರ ಬಸ್ಯಾಗ ಬುದ್ಧಿ ಇತ್ರಿ. ಇಂಥಾ ಬಿಸಲಾಗ ಅಂವ ಯಾವತ್ತೂ ಬಡದಾಡಿಲ್ಲ."

ಡೈರೆಕ್ಟರ್‌ಗೆ ನಮ್ಮ ಅಹವಾಲು

ನನ್ನ ಹೆಂಡ್ತಿ ತವರು ಬೀಳಗಿ. ಆಕಿ ತಮ್ಮ ಒಬ್ಬಾಂವ ಸಿನಿಮಾದವರ ಕೂಡ ಲೈಟ್ ಹಿಡಿಯೂ ಕೆಲಸಕ್ಕ ಅದಾನ. ದೇವರ ಆಟ ನೋಡ್ರಿ, ಈ ಸಿನಿಮಾಕ್ಕೂ ಅವನ ಲೈಟು! "ಮಾವ, ನಿಮ್ಮ ಆಸೆ ಏನೈತಿ ಫೋನಿನ್ಯಾಗ ಮಾತಾಡಿ ರೆಕಾರ್ಡ್ ಮಾಡಿ ಕಳಸ್ರಿ. ಡೈರೆಕ್ಟರ್‌ಗೆ ನಾ ಕೇಳಸ್ತೇನಿ," ಅಂದ.

ಶೆಡ್ಡಿನ್ಯಾಗ ನಿಂತು ಫೋನ್ ಹಿಡಕೊಂಡು ಶುರು ಮಾಡಿದೆ. ಬಂದೂಕ ಬ್ಯಾಡ್ರಿ. ಕೆಂಪು ವಸ್ತ್ರ ಬಿಡಬ್ಯಾಡ್ರಿ. ಕಿವಿ ಮುರದಿರಲಿ. ಎದುರು ನಿಂತ ಗೆಳೆಯ ಒಂದೊಂದು ಮಾತಿಗೂ ತಲಿ ತೂಗಿದ. ಲಾಳಿಗೆ ಹಾಕೂ ನೂಲಿನ ಕಂಡಿಕಿ ಸುತ್ತಾಕತ್ತಿದ್ದ ಹೆಂಡ್ತಿ ಸೆರಗಿಲೆ ಕಣ್ಣ ಒರಸಿಕೊಂಡ್ಲು. ಅಷ್ಟರಾಗ ಮೂರನೇ ಮಗ್ಗದ ಪಟ್ಟಾ ಸಡಲಾಗಿ ಲಾಳಿ ನಡುವ ಸಿಕ್ಕು, "ಖಡಲ್!" ಅಂತು. ನಾನು ಬಸ್ಯಾನ ಗುಂಗಿನ್ಯಾಗ ತಿರುಗಿನೂ ನೋಡಲಿಲ್ಲ. ಮಗ್ಗದ ಉದ್ದಕ್ಕ ಹಾಸಿದ ನೂಲೆಲ್ಲ ಹರದು, ಬಟ್ಟಿ ಹಾಳಾತು. ಹೆಂಡ್ತಿ ಬೈದಿದ್ದು ಇಲ್ಲಿ ಬರಿಯಾಕ ಬರಂಗಿಲ್ಲ.

ಮರುದಿನ ಹೆಂಡ್ತಿ ತಮ್ಮನ ಫೋನು. "ಮಾವ, ಅದೇನ ಕಳಸೀರಿ?"

"ಯಾಕೋ, ನಮ್ಮ ಮಾತು ತಿಳೀಲಿಲ್ಲೇನು?"

"ಮಾತೆಲ್ಲಿ ಐತ್ರಿ? ಡೈರೆಕ್ಟರ್ ಮುಂದ ಹಚ್ಚಿದ್ರ ಬರೇ ಖಟಖಟ ಖಟಖಟ!"

ಆವಾಗ ನನಗ ಹೊಳೀತು. ನಾಕೂ ಮಗ್ಗ ಓಡಾಕತ್ತಿದ್ವು! ಹುಟ್ಟಿದಾಗಿಂದ ಆ ಸಪ್ಪಳದಾಗ ತುಟಿ ನೋಡೇ ಮಾತು ತಿಳಕೊಳ್ಳೂ ಮಂದಿ ನಾವು. ಸಪ್ಪಳ ಐತಿ ಅನ್ನೂದ ಮೂವರಿಗೂ ನೆನಪಾಗಿರಲಿಲ್ಲ. "ಇನ್ನೊಮ್ಮೆ ಕಳಸ್ಲೇನೋ?" ಅಂದೆ. "ಬ್ಯಾಡ್ರಿ ಮಾವ, ಶೂಟಿಂಗ್ ಮುಗದೈತಿ," ಅಂದ. ಎರಡು ದಿನ ಅನ್ನ ಸೇರಲಿಲ್ಲ.

ಟೀಸರ್ ಬಂತು

ಹೋದ ತಿಂಗಳು ಟೀಸರ್ ಬಂತು. ಕರೆಂಟ್ ಹೋಗಿ ಮಗ್ಗಾ ನಿಂತಿದ್ವು. ಮುಧೋಳದಿಂದ ವಸ್ತಾದರೂ ಬಂದಿದ್ರು. ಒಂದ ಫೋನಿನ ಸುತ್ತ ಎಲ್ಲಾರೂ ಮುಕುರಿದ್ವಿ.

ಮೊದಲು ಕಾಲು ಕಂಡ್ವು. ಬರಿಗಾಲು! ಆಮ್ಯಾಲೆ ಕೆಂಪು ವಸ್ತ್ರ. ಬಂದೂಕ ಇಲ್ಲ. ಮಾರಿ ತಿರುಗಿಸಿದ, ಕಿವಿ ಮುರದು ಗಂಟಾಗಿತ್ತು! "ಶಾಬ್ಬಾಸ್ ನನ್ನ ಮಗನ!" ಅಂತ ವಸ್ತಾದರು ತೊಡಿ ತಟ್ಟಿದ್ರು. ಸಿನಿಮಾದವರು ನಮ್ಮ ಒಂದು ಮಾತೂ ಕೇಳಿಲ್ಲ, ಆದ್ರೂ ಒಂದೂ ಬಿಟ್ಟಿಲ್ಲ. ಅವರೂ ನಮ್ಮಂಗ ಬಸ್ಯಾನ ಭಕ್ತರು ಅಂತ ಆವಾಗ ತಿಳೀತು. ಕೂತಲ್ಲೇ ಕೈ ಮುಗದೆ.

ಬಡದಾಟ ಶುರುವಾತು. ಹಿಂದ ಡೋಲಿಲ್ಲ, ತುತ್ತೂರಿಲ್ಲ. ಖಟಖಟ ಖಟಖಟ!

"ನಮ್ಮ ಮಗ್ಗಾನ ಲೇ ಅವು!" ಅಂತ ಗೆಳೆಯ ನನ್ನ ತೆಕ್ಕಿಗೆ ಬಿದ್ದ. ಡೈರೆಕ್ಟರ್ ನಮ್ಮ ಸಪ್ಪಳಾನ ಬಸ್ಯಾನ ತಾಳಾ ಮಾಡ್ಯಾರ! ಬಸ್ಯಾ ಕೈ ಮುಗದ, ಹಾರಿದ, ಒಂದ ಕೊಟ್ಟ. "ಖಡಲ್!"

ಎಲ್ಲಾರೂ ಸೀಟಿ ಹೊಡದ್ರು. ನಾನು ಮಾತ್ರ ದಡಕ್ಕನ ಎದ್ದು ಓಡಿಹೋಗಿ ಮೂರನೇ ಮಗ್ಗದ ಬಂದ್ ಮಾಡೂ ಹಿಡಿಕಿ ಎಳದು ನಿಂತಿದ್ದೆ. ಕರೆಂಟ ಇಲ್ಲ, ಮಗ್ಗಾ ತಣ್ಣಗ ಕುಂತಿತ್ತು.

ಹೆಂಡ್ತಿ ಸೊಂಟದ ಮ್ಯಾಲೆ ಕೈ ಇಟ್ಟು ಅಂದ್ಲು: "ಬರ್ರಿ ಬರ್ರಿ, ಆವತ್ತ ಓಡೂದು ಬಿಟ್ಟು ಈಗ ಓಡಿದ್ರ ಏನ್ ಬಂತು? ಸಿನಿಮಾದಾಗ ಒಂದೂ ತಪ್ಪಿರಬಾರದು ಅಂತಿದ್ರಲ್ಲ, ಇರೂದು ಒಂದ ತಪ್ಪು, ಅದೂ ನಿಮ್ಮದ."