ಕೋಟೆಯ ಬಾಗಿಲಾದ ಮಗಳು

ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಬಿಡಿಸುವುದು ಅವನ ಕೆಲಸ. ಎರಡು ಮಹಡಿಗಳ ನಡುವೆ ನಿಂತುಹೋದ ಪೆಟ್ಟಿಗೆಯೊಳಗೆ ಎಂಥ ಗಂಡೆದೆಯವರೂ ಅಳುತ್ತಾರೆ. ಇವನು ಹೊರಗಿನಿಂದಲೇ ತಣ್ಣಗೆ ಮಾತಾಡಿಸುತ್ತ ಬಾಗಿಲು ತೆರೆಯುತ್ತಾನೆ. ಇಂಥವನಿಗೆ ಐದು ವರ್ಷದ ಮಗಳನ್ನು ಒಂದು ದಿನ ನೋಡಿಕೊಳ್ಳುವುದು ಯಾವ ಲೆಕ್ಕ?

“ಟೀವಿ ಹಾಕಿ ಕೂರಿಸ್ಬೇಡಿ ಮತ್ತೆ,” ಎಂದಳು ಹೆಂಡತಿ, ಚಪ್ಪಲಿ ಮೆಟ್ಟುತ್ತ. ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಅಂದು ರಜೆ ಇರಲಿಲ್ಲ.

“ಟೀವಿ ಯಾಕೆ? ಇವತ್ತು ಅವಳನ್ನ ವೀರವನಿತೆ ಮಾಡ್ತೀನಿ ನೋಡು,” ಎಂದು ಅವನು ಹೊಸ ಚಿತ್ರಪುಸ್ತಕ ಎತ್ತಿ ತೋರಿಸಿದ. ಮದುವೆಗೆ ಮುಂಚೆ ಗೆಳೆಯರೊಡನೆ ಮೇಜಿನ ಸುತ್ತ ಕೂತು ಆಡುತ್ತಿದ್ದ ಆಟವೊಂದಿತ್ತು. ಒಬ್ಬ ಕಥೆ ಹೇಳಬೇಕು, ಉಳಿದವರು ಕಥೆಯೊಳಗಿನ ಪಾತ್ರಗಳಾಗಬೇಕು, ಸೋಲು ಗೆಲುವು ಇಪ್ಪತ್ತು ಮುಖದ ದಾಳ ಹೇಳಿದಂತೆ. ಅಕ್ಷರ ಬಾರದ ಮಗುವಿಗೆ ಈ ಆಟದ ರುಚಿ ಹತ್ತಿಸಲು ಚಿತ್ರಪುಸ್ತಕವೇ ರಾಜಮಾರ್ಗ ಎಂಬುದು ಅವನ ಘನ ಸಂಶೋಧನೆ.

“ವೀರವನಿತೆಗೆ ಹೊತ್ತಿಗೆ ಸರಿಯಾಗಿ ಊಟ ಹಾಕಿ, ಸಾಕು,” ಎಂದು ಅವಳು ಹೊರಟಳು.

ಪುಸ್ತಕದ ನಡುಪುಟದಲ್ಲಿ ಒಂದು ಕೋಟೆ, ಸುತ್ತ ನೀರು ತುಂಬಿದ ಕಂದಕ, ಒಳಗೆ ಬೆಂಕಿಯುಗುಳುವ ಡ್ರ್ಯಾಗನ್. ಹೊರಗೆ ಕತ್ತಿ ಹಿಡಿದ ಯೋಧ, ಕೋಲು ಹಿಡಿದ ಮಾಟಗಾತಿ, ಬಿಲ್ಲುಗಾರ್ತಿ.

“ಇವರಲ್ಲಿ ನೀನು ಯಾರಾಗ್ತೀಯ, ಪುಟ್ಟಿ?”

ಮಗಳು ಬಹಳ ಹೊತ್ತು ಯೋಚಿಸಿ ಕೋಟೆಯ ಮೇಲೆ ಬೆರಳಿಟ್ಟಳು. “ನಾನು ಈ ಬಾಗಿಲು.”

“ಬಾಗಿಲು ಯಾರೂ ಆಗಲ್ಲಮ್ಮ.”

“ಅದಕ್ಕೇ ನಾನಾಗ್ತೀನಿ.”

ಆಡುವವರು ಬಯಸಿದ ಪಾತ್ರಕ್ಕೆ ಕಥೆ ಹೇಳುವವನು ಅಡ್ಡಿ ಬರಬಾರದು. ಅವನು ಒಪ್ಪಿ, ತಾನೇ ಯೋಧನಾದ. ಮಗಳು ಪುಸ್ತಕದ ಪಕ್ಕದಲ್ಲಿದ್ದ ಅವನ ಹಳೆಯ ದಾಳ ಎತ್ತಿಕೊಂಡು ಬಚ್ಚಲಿಗೆ ನಡೆದು ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು. ಹಿಂದೆಯೇ ನಲ್ಲಿ ಬಿಟ್ಟ ಸದ್ದು. ಕೋಟೆ ಎಂದಮೇಲೆ ಕಂದಕ ಬೇಡವೇ?

“ಎಲೈ ಬಾಗಿಲೇ, ದಾರಿ ಬಿಡು,” ಎಂದು ಅಪ್ಪ ಗರ್ಜಿಸಿದ.

“ಯಾರದು?”

“ಮಹಾಶೂರ. ಡ್ರ್ಯಾಗನ್ನನ್ನು ಕೊಲ್ಲಲು ಬಂದಿದ್ದೇನೆ.”

“ಅದು ಮಲಗಿದೆ. ಆಮೇಲೆ ಬಾ.”

“ಹಾಗಾದರೆ ದಾಳ ಹಾಕು. ಹತ್ತಕ್ಕಿಂತ ಹೆಚ್ಚು ಬಿದ್ದರೆ ನೀನು ತೆರೆಯಬೇಕು.”

ಒಳಗೆ ಟಕಟಕ ಉರುಳಿದ ಸದ್ದು ನಿಂತಿತು.

“ಎಷ್ಟು ಬಿತ್ತು?”

“ತೂತಿಗೆ ಬಿತ್ತು.”

ನೀರು ಹೋಗುವ ತೂತಿನಲ್ಲಿ ದಾಳ ಬೆಣೆ ಹೊಡೆದಂತೆ ಕೂತಿತ್ತು. ತುಸು ಹೊತ್ತಿಗೆ ಬಾಗಿಲ ಸಂದಿಯಿಂದ ಕಂದಕವೇ ಹರಿದು ಅವನ ಪಾದಕ್ಕೆ ಬಂತು.

“ಆಟ ಸಾಕು. ನಲ್ಲಿ ನಿಲ್ಸಿ ಬಾಗಿಲು ತೆಗಿ.”

ನಲ್ಲಿ ನಿಂತಿತು. ಬಾಗಿಲು ತೆರೆಯಲಿಲ್ಲ.

“ತೆಗೀತೀಯೋ ಇಲ್ವೋ?” ಎಂದು ಅವನು ಗುದ್ದಿದ. ಭುಜ ಕೊಟ್ಟು ನೂಕಿದ. ನೀರು ಕುಡಿದು ಉಬ್ಬಿದ್ದ ಹಲಗೆ ಜಪ್ಪಯ್ಯ ಅನ್ನಲಿಲ್ಲ.

ಒಳಗಿನಿಂದ ಸಣ್ಣ ದನಿ ಬಂತು. “ಅಪ್ಪ, ಬಾಗಿಲಿಗೆ ತೆರ್ಕೊಳ್ಳೋಕೆ ಆಗ್ತಿಲ್ಲ.”

ಅವನು ಗುದ್ದುವುದನ್ನು ನಿಲ್ಲಿಸಿದ. ಬಾಗಿಲು ಹಟ ಹಿಡಿದಿರಲಿಲ್ಲ, ಹೆದರಿತ್ತು. ಗುರುತು ಪರಿಚಯವಿಲ್ಲದವರಿಗೆ ದಿನವೂ ಹೇಳುವ ಮಾತು ಸ್ವಂತ ಮಗಳಿಗೆ ಹೇಳಲು ಅವನಿಗೆ ಹೊಳೆದೇ ಇರಲಿಲ್ಲ. ಒದ್ದೆ ನೆಲದ ಮೇಲೆ ಕುಸಿದು ಕೂತು, “ಹೆದರ್ಬೇಡ. ನಾನು ಇಲ್ಲೇ...” ಎಂದ. ಮುಂದಿನ ಮಾತಿಗೆ ಬದಲು ಬಿಕ್ಕು ಬಂತು.

“ಅಪ್ಪ, ಅಳ್ತಿದ್ದೀಯಾ?”

“ಇಲ್ಲ.”

“ಅಳ್ಬೇಡ. ನಾನೇನು ಮಾಡ್ಲಿ, ಹೇಳು.”

ನೂಕಿದಷ್ಟೂ ಚಿಲಕ ಬಿಗಿಯುತ್ತದೆ ಎಂಬ, ಕಸುಬಿನ ಮೊದಲ ಪಾಠ ಅವನಿಗೆ ಆಗ ನೆನಪಾಯಿತು. ಎದ್ದು, ಹಿಡಿಯನ್ನು ಎರಡೂ ಕೈಯಿಂದ ಹಿಡಿದು ಬಾಗಿಲನ್ನು ತನ್ನ ಕಡೆಗೆ ಎಳೆದುಕೊಂಡ. “ಚಿಲಕದ ಮೂತಿ ಮೇಲಕ್ಕೆತ್ತು. ಈಗ ಮೆಲ್ಲಗೆ ಪಕ್ಕಕ್ಕೆ ಜಗ್ಗು.”

ಚಿಲಕ ಕಿರುಗುಟ್ಟಿತು, ಅಲ್ಲೇ ನಿಂತಿತು, ಕೊನೆಗೆ ಸರಿಯಿತು. ಮಗಳು ಹೊರಬಂದು ಒದ್ದೆ ಕೈಯಲ್ಲೇ ಅವನ ಕೆನ್ನೆ ಒರೆಸಿದಳು.

ಸಂಜೆ ಹೆಂಡತಿ ಬರುವಷ್ಟರಲ್ಲಿ ಅವನು ನೆಲ ಒರೆಸಿ, ಏನೂ ಅರಿಯದವನಂತೆ ಪುಸ್ತಕ ಹಿಡಿದು ಕೂತಿದ್ದ. ಅವಳ ಕಣ್ಣು ಗೋಡೆಯಂಚಿನ ತೇವದ ಮೇಲೆ ಬಿತ್ತು.

“ಏನಾಯ್ತು ಇಲ್ಲಿ?”

“ಏನಿಲ್ಲ. ಒಬ್ಬರು ಸ್ವಲ್ಪ ಹೊತ್ತು ಸಿಕ್ಕಾಕೊಂಡಿದ್ರು. ಬಿಡಿಸಿದ್ದಾಯ್ತು,” ಎಂದ, ಕೆಲಸದ ಮೇಲಿದ್ದಾಗಿನ ಗತ್ತಿನಲ್ಲಿ.

ಅವಳು ಗಾಬರಿಯಿಂದ ಮಗಳತ್ತ ತಿರುಗಿದಳು. ಮಗಳು ಗಂಭೀರವಾಗಿ ತಲೆಯಾಡಿಸಿದಳು.

“ಹೂಂ ಅಮ್ಮ. ಅಪ್ಪ ಹೊರಗಡೆ ಸಿಕ್ಕಾಕೊಂಡು ಅಳ್ತಿದ್ದ. ನಾನೇ ಬಿಡಿಸ್ದೆ.”